ಕಾಯುವವರ ಗೋಡೆಯ ಮೇಲಿನ ಬೆಳಕು

ವೇದಿಕೆಯ ನಡುವಿನ ಕುರ್ಚಿಯಲ್ಲಿ ಗಡಿಯಾರ ನೋಡುತ್ತಾ ಕುಳಿತಿರುವ, ನಮ್ಮ ಕಟ್ಟಡ ಸಮಿತಿಯ ಮಾನ್ಯ ಅಧ್ಯಕ್ಷರೇ; ಮುಖ್ಯ ಅತಿಥಿಗಳಾದ, ಈ ಕಣ್ಣಿನ ಆಸ್ಪತ್ರೆಯ ಹಿರಿಯ ವೈದ್ಯರೇ; ಇವತ್ತಿನ ಸಂತೋಷಕ್ಕೂ ಸಂಕಟಕ್ಕೂ ಒಬ್ಬರೇ ಕಾರಣರಾದ, ಇಂದು ನಿವೃತ್ತರಾಗುತ್ತಿರುವ ನಮ್ಮ ದೊಡ್ಡ ಸಿಸ್ಟರ್ ಅವರೇ; ಡ್ಯೂಟಿ ಬದಲಾಯಿಸಿಕೊಂಡು ಬಂದಿರುವ ನರ್ಸ್‌ಗಳೇ, ಸಿಬ್ಬಂದಿಯವರೇ; ಕಣ್ಣಿಗೆ ಔಷಧಿ ಬಿಡಿಸಿಕೊಂಡು, ವೇದಿಕೆಯ ಮೇಲೆ ಯಾರಿದ್ದಾರೆಂದು ಸರಿಯಾಗಿ ಕಾಣದಿದ್ದರೂ ಮುಂದಿನ ಸಾಲಿನಲ್ಲೇ ಕೂತಿರುವ ಸಭಿಕರೇ.

ಕಾಣದಿದ್ದರೆ ಚಿಂತೆಯಿಲ್ಲ. ನೋಡಲೇಬೇಕಾದ ಮುಖ ಇಲ್ಲಿ ಒಂದೇ ಇದೆ, ಅವರನ್ನು ನೀವು ದನಿಯಿಂದಲೇ ಗುರುತು ಹಿಡಿಯುತ್ತೀರಿ. ನಾನು ಪೇಂಟ್ ಅಂಗಡಿಯವನು. ಮಾತಾಡಿ ರೂಢಿಯಿಲ್ಲ ಎಂದರೆ ನನ್ನ ಗಿರಾಕಿಗಳು ನಗುತ್ತಾರೆ, ಆದ್ದರಿಂದ ಆ ಮಾತನ್ನು ಬಿಡುತ್ತೇನೆ. ಸಮಿತಿಯ ಸದಸ್ಯನಾಗಿ ನನಗೆ ಒಪ್ಪಿಸಿರುವ ಕೆಲಸ ಎರಡು. ಸಿಸ್ಟರ್ ಬಗ್ಗೆ ನಾಲ್ಕು ಒಳ್ಳೆಯ ಮಾತಾಡುವುದು ಒಂದು. ನನ್ನ ಹಿಂದೆ ಮೇಜಿನ ಮೇಲೆ ಕೆಂಪು ರಿಬ್ಬನ್ ಕಟ್ಟಿಸಿಕೊಂಡು ಕೂತಿದೆಯಲ್ಲ, ಆ ದೊಡ್ಡ ಪೆಟ್ಟಿಗೆ, ಅದನ್ನು ಸಂಸ್ಥೆಯ ಪರವಾಗಿ ಅವರಿಗೆ ಅರ್ಪಿಸುವುದು ಇನ್ನೊಂದು. ಪೆಟ್ಟಿಗೆಯಲ್ಲಿ ಇರುವುದು ನಮ್ಮ ವೇಟಿಂಗ್ ಹಾಲ್‌ನ ಗೋಡೆಯ ಚಿತ್ರಗಳು. ನಿನ್ನೆ ಮಧ್ಯಾಹ್ನ ಇಳಿಸಿದೆವು.

ಆ ಹಾಲ್‌ನಲ್ಲಿ ಕೂರದವರು ಈ ಸಭೆಯಲ್ಲಿ ಯಾರಿದ್ದಾರೆ? ಆಪರೇಷನ್ ಥಿಯೇಟರಿನ ಬಾಗಿಲು, ಬಾಗಿಲ ಪಕ್ಕಕ್ಕೆ ಗೋಡೆ, ಗೋಡೆಗೆ ಎದುರಾಗಿ ಉದ್ದನೆಯ ಬೆಂಚು, ಬೆಂಚಿನ ತುದಿಯಲ್ಲಿ ಸಿಸ್ಟರ್ ಮೇಜು. ಗೋಡೆಯ ಬಣ್ಣ ನನ್ನ ಅಂಗಡಿಯದು, ಚಾವಣಿಯ ಬಣ್ಣ ಅಧ್ಯಕ್ಷರ ಅಂಗಡಿಯದು. ಅವರದ್ದೂ ಪೇಂಟ್ ಅಂಗಡಿಯೇ, ನಮ್ಮ ಅಂಗಡಿಯ ಎದುರಿಗೇ ಇದೆ. ಗೋಡೆಯೂ ಬಿಳಿ, ಚಾವಣಿಯೂ ಬಿಳಿ. ಆದರೆ ನನ್ನ ಬಿಳಿಯಲ್ಲಿ ಒಂದು ಹನಿ ಹಳದಿ, ಅವರ ಬಿಳಿಯಲ್ಲಿ ಒಂದು ಹನಿ ನೀಲಿ. ಎರಡೂ ಸೇರುವ ಅಂಚಿನಲ್ಲಿ ಅವು ಜಗಳಾಡುತ್ತವೆ. ಇಷ್ಟು ವರ್ಷದಲ್ಲಿ ಅದನ್ನು ಯಾರೂ ಗಮನಿಸಿಲ್ಲ, ನಮ್ಮಿಬ್ಬರನ್ನು ಬಿಟ್ಟು.

ಸಿಸ್ಟರ್ ಬರುವ ಮುಂಚೆ ಆ ಗೋಡೆಯ ಮೇಲೆ ಏನಿತ್ತು? ಜಲಪಾತದ ಒಂದು ಹಳೆಯ ಕ್ಯಾಲೆಂಡರು. ‘ಮೌನವಾಗಿರಿ’ ಎಂಬ ಬೋರ್ಡು. ಒಳಗೆ ತಮ್ಮವರ ಕಣ್ಣಿಗೆ ಕತ್ತರಿ ಹಾಕುತ್ತಿರುವಾಗ ಹೊರಗೆ ಕೂತವರು ಮೌನವಾಗಿರದೆ ಇನ್ನೇನು ಮಾಡುತ್ತಾರೆ, ಹೇಳಿ. ಸಿಸ್ಟರ್ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಯಾರನ್ನೂ ಕೇಳದೆ ಕ್ಯಾಲೆಂಡರು ಕಿತ್ತುಹಾಕಿ ಆರು ಚಿತ್ರ ತೂಗುಹಾಕಿದರು.

ಅವರ ತಂದೆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ಅಲ್ಲಿಯ ಲೈಬ್ರರಿಯಲ್ಲಿ ಒಂದು ಭಾರೀ ಹಳೆಯ ಪುಸ್ತಕದ ರಟ್ಟನ್ನು ಗೆದ್ದಲು ತಿಂದು, ಹಾಳೆಗಳು ಬಿಡಿಬಿಡಿಯಾಗಿ, ಅದನ್ನು ರದ್ದಿಗೆ ತೂಕಕ್ಕೆ ಹಾಕಲು ಹೊರಟಿದ್ದಾಗ ಅವರು ಬಣ್ಣದ ಹಾಳೆಗಳನ್ನಷ್ಟೇ ಎತ್ತಿಟ್ಟುಕೊಂಡರಂತೆ. ಊರುಗಳಿಗೆ ಕರೆಂಟು ಬರುವ ಮೊದಲಿನ ಕಾಲದ ಪುಸ್ತಕ ಅದು. ಕಲ್ಲಚ್ಚಿನ ಮುದ್ರಣ, ಪ್ರತಿ ಬಣ್ಣಕ್ಕೂ ಬೇರೆ ಕಲ್ಲು, ಬೇರೆ ಅಚ್ಚು. ಬಣ್ಣದ ವ್ಯಾಪಾರಿಯಾಗಿ ಹೇಳುತ್ತೇನೆ, ಅಷ್ಟು ಅಚ್ಚು ಒಂದರ ಮೇಲೊಂದು ಬಿದ್ದರೂ ಒಂದು ಗೆರೆ ಕೂಡ ಆಚೆ ಈಚೆ ಸರಿದಿಲ್ಲ. ಆ ಕೆಲಸಗಾರನ ಕೈಗೆ ನಾನು ಎಷ್ಟೋ ಸಲ ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ.

ಚಿತ್ರಗಳು ಯಾವುದರದ್ದು? ಬೆಳಕಿನದ್ದು. ಬೆಳಕು ಎಲ್ಲ ದಿಕ್ಕಿಗೂ ಅಲುಗುತ್ತಾ ಬರುತ್ತದಂತೆ. ಅದನ್ನು ಒಂದು ಬಗೆಯ ಗಾಜಿನಿಂದ ಹಾಯಿಸಿದರೆ ಒಂದೇ ದಿಕ್ಕಿನ ಅಲುಗಾಟ ಉಳಿಯುತ್ತದೆ. ಅದಕ್ಕೆ ಧ್ರುವೀಕೃತ ಬೆಳಕು ಎನ್ನುತ್ತಾರೆ. ಅಂಥ ಬೆಳಕಿನ ದಾರಿಯಲ್ಲಿ ತೆಳುವಾಗಿ ಸೀಳಿದ ಹರಳನ್ನಿಟ್ಟು, ಅಂಥದ್ದೇ ಇನ್ನೊಂದು ಗಾಜಿನಿಂದ ನೋಡಿದರೆ, ಬಣ್ಣವೇ ಇಲ್ಲದ ಹರಳಿನೊಳಗೆ ಬಣ್ಣದ ಬಳೆಗಳು ಏಳುತ್ತವೆ. ಒಂದರೊಳಗೊಂದು, ಒಂದರೊಳಗೊಂದು, ನಡುವೆ, ಮೇಷ್ಟ್ರು ತಪ್ಪು ಲೆಕ್ಕಕ್ಕೆ ಹಾಕುವಂಥ ಒಂದು ಕಪ್ಪು ಕತ್ತರಿ ಗುರುತು. ಚಿತ್ರ ಬರೆದವನು ಒಂದು ಕಣ್ಣನ್ನು ಯಂತ್ರದ ಕೊಳವೆಗೆ ಹಚ್ಚಿ, ಇನ್ನೊಂದನ್ನು ಹಾಳೆಯ ಮೇಲಿಟ್ಟು ಬರೆದನಂತೆ. ಒಂದು ಚಿತ್ರದಲ್ಲಿ ಆ ಯಂತ್ರವನ್ನೇ ಬರೆದಿದ್ದಾನೆ: ಹಿತ್ತಾಳೆಯ ಕಂಬ, ಕಪ್ಪು ಗಾಜು, ಅದನ್ನು ತಿರುಗಿಸುತ್ತಿರುವ ಒಂದು ಕೈ. ಅಂಗಿಯ ತೋಳಿನ ಗುಂಡಿಯವರೆಗೆ ಕೈ ಇದೆ, ಆಚೆಗೆ ಮನುಷ್ಯನೇ ಇಲ್ಲ.

ಕಣ್ಣಿನ ಆಸ್ಪತ್ರೆಯಲ್ಲಿ ಇಂಥ ಚಿತ್ರ ಹಾಕಿದರೆ ಏನಾಗಬೇಕೋ ಅದೇ ಆಯಿತು. ಮೊದಲ ವಾರ ಒಬ್ಬ ತಾತ ಚಿತ್ರದ ಮುಂದೆ ನಿಂತು, ಒಂದು ಕಣ್ಣಿಗೆ ಅಂಗೈ ಮುಚ್ಚಿ, ಬಳೆಗಳನ್ನು ಗಟ್ಟಿಯಾಗಿ ಎಣಿಸತೊಡಗಿದರು. ಅವರ ಹಿಂದೆ ಒಂದು ಸಾಲೇ ನಿಂತಿತು. ಹೊರಗಿನ ಬಳೆಗಳು ಚಿತ್ರದಲ್ಲೇ ಮಸುಕು. ಹಾಗಾಗಿ ಇದೂ ಕಣ್ಣಿನ ಪರೀಕ್ಷೆ ಎಂದುಕೊಂಡು ಬಂದವರೆಲ್ಲ ನಪಾಸು. ತಾತ ಕಣ್ಣೀರು ಹಾಕಿಕೊಂಡು, “ಸಿಸ್ಟರಮ್ಮಾ, ಹೋದ ಸಲ ಓದಿಸಿದಾಗ ಕೊನೇ ಸಾಲಿನವರೆಗೂ ಓದಿದ್ದೆ, ಈಗ ಕೊನೇ ಬಳೆ ಹೋಗೇಬಿಟ್ಟಿದೆ” ಎಂದರು. ಸಿಸ್ಟರ್ ಅವರನ್ನು ಕೂರಿಸಿ, “ನಿಮ್ಮ ಕಣ್ಣು ಸರಿಯಾಗಿದೆ ತಾತ. ಅಲ್ಲಿ ಎಲ್ಲಾ ಬಣ್ಣಾನೂ ಒಂದರ ಮೇಲೊಂದು ಬಿದ್ದು ಬೆಳಕೇ ಮಸುಕಾಗುತ್ತೆ. ಬರೆದೋನು ಸುಳ್ಳು ಬರೆದಿಲ್ಲ” ಎಂದರು. ನಮ್ಮ ಸಮಿತಿಯ ಸದಸ್ಯರೊಬ್ಬರು, ಕಾಯುತ್ತಾ ಕೂತವರ ಎದುರಿಗೆ ಅಷ್ಟು ದೊಡ್ಡ ಕತ್ತರಿ ಗುರುತು ಯಾಕೆ, ಕೆಟ್ಟದಾಗುತ್ತದೆ ಎಂದು ಹೇಳಿದ ಹಾಗಿಲ್ಲವೇ ಎಂದು ಆಕ್ಷೇಪ ಎತ್ತಿದರು. ಸಿಸ್ಟರ್ ಮಾರನೆಯ ದಿನ ಅದರ ಪಕ್ಕಕ್ಕೆ ಅದರ ಜೋಡಿ ಚಿತ್ರವನ್ನು ಸರಿಸಿ ಹಾಕಿದರು. ಅದರಲ್ಲಿ ಕತ್ತರಿ ಬಿಳಿ.

ಈ ಜೋಡಿಯ ಬಗ್ಗೆ ಹೇಳಲೇಬೇಕು. ಹರಳು ಅದೇ. ನೋಡುವ ಗಾಜನ್ನು ಕಾಲು ಸುತ್ತು ತಿರುಗಿಸಿದ್ದಾರೆ, ಅಷ್ಟೇ. ಕಪ್ಪು ಕತ್ತರಿ ಬಿಳಿಯಾಗುತ್ತದೆ, ಕೆಂಪಿದ್ದಲ್ಲಿ ಹಸಿರು ಬರುತ್ತದೆ, ನೀಲಿ ಇದ್ದಲ್ಲಿ ಹಳದಿ. ಎರಡೂ ಬೆಳಕನ್ನು ಒಂದರ ಮೇಲೊಂದು ಬಿಟ್ಟರೆ ಶುದ್ಧ ಬಿಳಿ. ನಮ್ಮ ಅಂಗಡಿಯಲ್ಲಿ ಕೆಂಪಿಗೆ ಹಸಿರು ಬೆರೆಸಿದರೆ ಕೆಸರಾಗುತ್ತದೆ; ಡಬ್ಬ ವಾಪಸ್ ಬರುತ್ತದೆ. ಬೆಳಕಿನ ವ್ಯವಹಾರ ಬೇರೆ ಎಂದು ನನಗೆ ಗೊತ್ತಾದದ್ದೇ ಆ ಬೆಂಚಿನ ಮೇಲೆ.

ಬೆಂಚಿನ ಮಾತು ಬಂತು. ಸಿಸ್ಟರ್ ಬಗ್ಗೆ ಹೇಳಬೇಕೆಂದರೆ ಆ ಬೆಂಚಿನ ಮೇಲೆ ನಾನು ಕೂತ ದಿನದ ಬಗ್ಗೆ ಹೇಳಬೇಕಾಗುತ್ತದೆ. ಅದನ್ನು ಹೇಳಬೇಕೆಂದರೆ, ಅಧ್ಯಕ್ಷರು ನನ್ನ ಸ್ವಂತ ಅಣ್ಣ ಎಂಬುದನ್ನು ಮೊದಲು ಹೇಳಬೇಕು. ಹಿಂದಿನ ಸಾಲಿನಲ್ಲಿ ಕೆಲವರು ಆಶ್ಚರ್ಯಪಡುತ್ತಿದ್ದೀರಿ. ನಮ್ಮ ಮೂಗು ನೋಡಿ, ಗೊತ್ತಾಗುತ್ತದೆ.

ಅಪ್ಪನಿಗೆ ಒಂದೇ ಅಂಗಡಿ ಇತ್ತು. ಅಣ್ಣನಿಗೆ ಗಲ್ಲಾ, ನನಗೆ ಗೋದಾಮು. ಅವನು ಗಿರಾಕಿಯ ಜೊತೆ ನಗುತ್ತಾ ಕೂರುವುದು, ನಾನು ಹಿಂದೆ ಕೋಲು ಹಿಡಿದು ಬಣ್ಣ ತಿರುವುವುದು. ಅಪ್ಪ ಹೋದ ಮೇಲೆ ಅಂಗಡಿಯ ಶಟರಿಗೆ ಯಾವ ಬಣ್ಣ ಹೊಡೆಸಬೇಕೆಂದು ಮಾತು ಬಂದು, ಮಾತಿಗೆ ಮಾತು ಬೆಳೆದು, ನಾನು ರಸ್ತೆ ದಾಟಿ ಎದುರಿಗೆ ಅಂಗಡಿ ಹಾಕಿದೆ. ಕೇಳಿದವರಿಗೆ ಈವತ್ತಿಗೂ ಶಟರಿನ ಬಣ್ಣಕ್ಕೆ ಜಗಳವಾಯಿತು ಎಂದೇ ಹೇಳುತ್ತೇನೆ. ಬಣ್ಣದವರು ಬಣ್ಣಕ್ಕೆ ಜಗಳವಾಡಿದರು ಎಂದರೆ ಜನ ನಂಬುತ್ತಾರೆ. ಗೋದಾಮಿನ ವಿಷಯ ನಾನು ಯಾರಿಗೂ ಹೇಳಿಲ್ಲ. ಈಗ ಹೇಳಿದೆನಲ್ಲ ಎನ್ನಬೇಡಿ, ಮೈಕಿನ ಮುಂದೆ ನಿಂತರೆ ಬಾಯಿ ನನ್ನ ಕೈಯಲ್ಲಿ ಇರುವುದಿಲ್ಲ.

ಅಧ್ಯಕ್ಷರಿಂದ ಚೀಟಿ ಬಂದಿದೆ. ‘ವಿಷಯಕ್ಕೆ ಬನ್ನಿ’ ಎಂದಿದೆ. ಅಕ್ಷರ ಎಂದಿನಂತೆ ಮುದ್ದಾಗಿದೆ. ಬಂದೆ ಅಧ್ಯಕ್ಷರೇ, ಬಂದೆ.

ವಿಷಯ ಇದು. ನಮ್ಮ ಅಮ್ಮನಿಗೆ ಕಣ್ಣಿನ ಆಪರೇಷನ್. ಒಂದು ಕಣ್ಣು ಆಗಲೇ ಹೋಗಿತ್ತು, ಉಳಿದದ್ದು ಉಳಿಯುತ್ತದೋ ಇಲ್ಲವೋ ಎಂಬ ಸ್ಥಿತಿ. ಬೆಂಚಿನ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಅಣ್ಣ. ನಡುವೆ ಮೂರು ಜನ ಕೂರುವಷ್ಟು ಜಾಗ. ಜನ ಬಂದು ಬಂದು ನಮ್ಮ ಮುಖ ನೋಡಿ ನಿಂತುಕೊಂಡೇ ಇರುತ್ತಿದ್ದರು. ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅಮ್ಮನ ಔಷಧಿಯ ಹೆಸರು ಕೂಡ ನಮ್ಮಿಬ್ಬರ ಹೆಂಡಂದಿರ ಬಾಯಲ್ಲಿ ದಾಟಿ ಬರುತ್ತಿತ್ತು.

ಕಾಯುವವರಿಗೆ ಎಲ್ಲರೂ ಏನು ಹೇಳುತ್ತಾರೆ? ಧೈರ್ಯವಾಗಿರಿ, ಏನೂ ಆಗಲ್ಲ ಎನ್ನುತ್ತಾರೆ. ಸಿಸ್ಟರ್ ಬಾಯಲ್ಲಿ ಈ ಮಾತನ್ನು ಯಾರಾದರೂ ಕೇಳಿದ್ದೀರಾ? ಇಲ್ಲ. ಅವರು ನಮ್ಮಿಬ್ಬರನ್ನೂ ಒಂದು ಸಲ ನೋಡಿದರು, ಡ್ರಾಯರ್ ಎಳೆದರು. “ಡಾಕ್ಟರು ಅವರ ಕೆಲಸ ಮಾಡ್ತಿದ್ದಾರೆ. ನೀವೂ ಸುಮ್ನೆ ಕೂರಬೇಡಿ, ನಿಮಗೂ ಒಂದು ಕೆಲಸ ಕೊಡ್ತೀನಿ” ಎಂದು ಅಣ್ಣನ ಕೈಗೆ ಒಂದು ಕೂಲಿಂಗ್ ಗ್ಲಾಸ್ ಕೊಟ್ಟರು. ಮೀನು ಹಿಡಿಯುವವರು ನೀರಿನ ಹೊಳಪು ತಡೆಯಲು ಹಾಕಿಕೊಳ್ಳುವಂಥದ್ದು. ನನ್ನ ಕೈಗೆ ಮಕ್ಕಳ ಪ್ಲಾಸ್ಟಿಕ್ ಸ್ಕೇಲು. ತಮ್ಮ ಕಂಪ್ಯೂಟರಿನಲ್ಲಿ ಬರೀ ಬಿಳಿ ಹಾಳೆ ತೆರೆದು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. “ಚಿಕ್ಕೋರು ಸ್ಕೇಲನ್ನ ಪರದೆ ಮುಂದೆ ಹಿಡೀರಿ. ದೊಡ್ಡೋರು ಕನ್ನಡಕ ಹಾಕ್ಕೊಂಡು ನೋಡಿ.” ಇಷ್ಟು ಹೇಳಿ ಫೈಲು ಹಿಡಿದು ಒಳಗೆ ಹೋದರು.

ಸಿಸ್ಟರ್ ಮಾತು ಮೀರುವ ಧೈರ್ಯ ಯಾರಿಗಿದೆ? ಹಿಡಿದೆ. ನನಗೆ ಕಂಡದ್ದು ಸ್ಕೇಲು. ಆದರೆ ಅಣ್ಣ ಕನ್ನಡಕ ಹಾಕಿದವನು ಹಾಗೇ ನಿಂತ. ಬಾಯಿ ಸ್ವಲ್ಪ ತೆರೆದಿತ್ತು. ತಲೆಯನ್ನು ಆ ಕಡೆ ಓರೆ ಮಾಡಿದ, ಈ ಕಡೆ ಓರೆ ಮಾಡಿದ. ಅಪ್ಪ ಮೊದಲ ಸಲ ಬಣ್ಣದ ಡಬ್ಬ ತೆರೆದು ತೋರಿಸಿದಾಗ ಅವನ ಮುಖ ಹೀಗೇ ಇತ್ತು. ನನಗೆ ತಡೆಯಲಾಗಲಿಲ್ಲ.

“ಏನು ಕಾಣ್ತಿದೆ?” ಎಂದೆ.

“ಬಣ್ಣ” ಎಂದ.

ಸಭಿಕರೇ, ಬಣ್ಣದ ವ್ಯಾಪಾರಿಗೆ ಬಣ್ಣ ಎಂದರೆ ಅದು ಉತ್ತರವೇ? “ಯಾವ ಬಣ್ಣ?” ಎಂದೆ. “ತುದೀಲಿ ಹಸಿರು, ಆಮೇಲೆ ಗುಲಾಬಿ, ತೂತಿನ ಸುತ್ತ ಒಂಥರಾ ಬದನೆ ಬಣ್ಣ” ಎಂದ. ನಾನು ಕನ್ನಡಕ ಕಿತ್ತುಕೊಂಡೆ, ಸ್ಕೇಲು ಅವನ ಕೈಗೆ ತುರುಕಿದೆ. ಆ ಎರಡು ದಮ್ಮಡಿ ಸ್ಕೇಲಿನೊಳಗೆ, ಗೋಡೆಯ ಮೇಲಿನ ಚಿತ್ರದಲ್ಲಿದ್ದ ಬಣ್ಣಗಳೇ, ಅದೇ ಸಾಲಿನಲ್ಲಿ, ಒಂದರ ಪಕ್ಕ ಒಂದು ಹರಿಯುತ್ತಿದ್ದವು. ಕಂಪ್ಯೂಟರಿನ ಪರದೆಯ ಬೆಳಕು ಮೊದಲೇ ಧ್ರುವೀಕೃತವಂತೆ, ಆ ಕನ್ನಡಕವೇ ಎರಡನೆಯ ಗಾಜಂತೆ; ಅದು ನನಗೆ ಆಮೇಲೆ ಗೊತ್ತಾಯಿತು. ಅಷ್ಟು ಚೆಂದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆದರೆ ಬಾಯಿಂದ ಬಂದ ಮಾತು, “ಅದು ಬದನೆ ಅಲ್ಲ, ನೇರಳೆ.”

“ನೇರಳೆ ಅಂತೆ. ನೇರಳೆ ಕಂಡಿದ್ದೀಯಾ?”

ನಮ್ಮ ಕಸುಬಿನವರ ಜೇಬಿನಲ್ಲಿ ಬಣ್ಣದ ಮಾದರಿಗಳ ಶೇಡ್ ಕಾರ್ಡ್ ಯಾವಾಗಲೂ ಇರುತ್ತದೆ. ಅವನು ಅವನ ಕಂಪನಿಯದು ತೆಗೆದ, ನಾನು ನನ್ನದು ತೆಗೆದೆ. ಸ್ಕೇಲಿಗೆ ಹಿಡಿದು ನೋಡಿದೆವು, ಸಾಲಲಿಲ್ಲ. ಗೋಡೆಯ ಚಿತ್ರದ ಮೂರನೆಯ ಬಳೆಗೆ ಹಿಡಿದು ನೋಡೋಣ ಎಂದು ಚಪ್ಪಲಿ ಬಿಟ್ಟು ಬೆಂಚನ್ನು ಗೋಡೆಗೆ ಎಳೆದು ಹತ್ತಿದೆವು. ಹಿರಿಯ ವೈದ್ಯರು ಥಿಯೇಟರಿನಿಂದ ಹೊರಗೆ ಬಂದು, ಅಮ್ಮನ ಕಡೆಯವರು ಯಾರು ಎಂದು ಕೇಳಿದರಂತೆ. ನಮಗೆ ಕೇಳಿಸಲಿಲ್ಲ. ಅವರು ಇಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ, ಸಾಕ್ಷಿ ಬೇಕಾದರೆ ಕೇಳಿ. ಕಾಯುವ ಆ ಹೊತ್ತಿನಲ್ಲಿ ಒಂದಿಷ್ಟು ಹೊತ್ತು ನಾವು ಅಮ್ಮನನ್ನು ಮರೆತಿದ್ದೆವು. ಅಂಥ ಉಪಕಾರವನ್ನು ನನಗೆ ಇನ್ಯಾರೂ ಮಾಡಿಲ್ಲ.

ಕಣ್ಣು ಉಳಿಯಿತು. ಪಟ್ಟಿ ಬಿಚ್ಚಿದ ದಿನ ಅಮ್ಮನನ್ನು ಹಾಲ್‌ಗೆ ಕರೆತಂದರು. ಅಮ್ಮ ನಮ್ಮಿಬ್ಬರನ್ನೂ ನೋಡಿದಳು, ಕಣ್ಣು ಮುಚ್ಚಿದಳು, ಮತ್ತೆ ತೆರೆದಳು. “ಸಿಸ್ಟರಮ್ಮಾ, ಡಾಕ್ಟರನ್ನ ಕರೀರಿ. ಆಪರೇಷನ್ ಕೆಟ್ಟಿದೆ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತ ಹಾಗೆ ಕಾಣಿಸ್ತಿದೆ” ಎಂದಳು. ಮನೆಗೆ ಹೊರಡುವಾಗ ಸಿಸ್ಟರ್ ಕನ್ನಡಕವನ್ನು ಅಣ್ಣನಿಗೇ ಕೊಟ್ಟರು, ಸ್ಕೇಲನ್ನು ನನಗೇ ಕೊಟ್ಟರು. “ಎರಡೂ ಒಬ್ಬರ ಹತ್ರ ಇರೋದು ಬೇಡ” ಎಂದರು.

ಆಮೇಲೆ ಅಮ್ಮ ಇದ್ದಷ್ಟು ವರ್ಷ ಭಾನುವಾರದ ಊಟ ಒಂದೇ ಮೇಜಿನ ಮೇಲೆ. ಬದನೆ, ನೇರಳೆ ಎಂದು ನಾವು ಶುರು ಮಾಡಿದರೆ ಅಮ್ಮ ಸೌಟು ತೋರಿಸುತ್ತಿದ್ದಳು. ಅಮ್ಮ ಹೋದಳು. ಜಗಳವೇನೂ ಆಗಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಒಂದು ಭಾನುವಾರ ಅವನಿಗೆ ಕೆಲಸ ಬಂತು, ಇನ್ನೊಂದು ಭಾನುವಾರ ನನಗೆ. ಮೂರನೆಯದಕ್ಕೆ ಇಬ್ಬರೂ ನೆಪ ಹೇಳಲಿಲ್ಲ, ಹೋಗಲೂ ಇಲ್ಲ. ಈಗ ನಾವು ಮಾತಾಡುವುದು ಸಮಿತಿಯ ಸಭೆಯಲ್ಲಿ. ನಾನು ಮಾನ್ಯ ಅಧ್ಯಕ್ಷರೇ ಎನ್ನುತ್ತೇನೆ, ಅವನು ಮಾನ್ಯ ಸದಸ್ಯರು ಎನ್ನುತ್ತಾನೆ. ಇಬ್ಬರ ಭಾಷೆಯೂ ತುಂಬಾ ಸುಧಾರಿಸಿದೆ.

ಹೋದ ತಿಂಗಳ ಸಭೆಯಲ್ಲಿ ಒಂದು ನಿರ್ಣಯವಾಯಿತು. ಹೊಸ ಕಟ್ಟಡದ ವೇಟಿಂಗ್ ಹಾಲ್‌ಗೆ ಗೋಡೆಯುದ್ದಕ್ಕೂ ಟೀವಿ ಬರುತ್ತದೆ. ಟೋಕನ್ ನಂಬರು, ಕಣ್ಣಿನ ಆರೋಗ್ಯದ ಸಲಹೆ, ನಡುನಡುವೆ ಜಾಹೀರಾತು. ಚಿತ್ರಗಳಿಗೆ ಜಾಗವಿಲ್ಲ, ಆದ್ದರಿಂದ ಅವುಗಳನ್ನು ಸಿಸ್ಟರ್ ಅವರಿಗೆ ಗೌರವಪೂರ್ವಕವಾಗಿ ಹಿಂದಿರುಗಿಸುವುದು. ಸರ್ವಾನುಮತದಿಂದ ಅಂಗೀಕಾರ. ನಮ್ಮಲ್ಲಿ ಟೀ ಬರುವ ಮುಂಚೆ ಓದಿದ ನಿರ್ಣಯಗಳೆಲ್ಲ ಸರ್ವಾನುಮತದಿಂದಲೇ ಆಗುತ್ತವೆ. ನಿನ್ನೆ ಚಿತ್ರ ಇಳಿಸಿದವನು ನಾನು. ಗೋಡೆಯ ಮೇಲೆ ಆರು ಚೌಕ ಉಳಿದಿವೆ. ಅಲ್ಲಿ ನನ್ನ ಬಣ್ಣ ಹೊಡೆದ ದಿನ ಹೇಗಿತ್ತೋ ಹಾಗೇ ಇದೆ, ಸುತ್ತಲಿನದು ಕಾಯುತ್ತಾ ಕೂತವರ ಉಸಿರಿಗೆ ಮಾಸಿದೆ.

ಸಿಸ್ಟರ್ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಬೇಸರವಾಯಿತೇ ಎಂದು ಕೇಳಿದೆ. “ಬೇಸರ ಅಂತಲ್ಲ. ಅಪ್ಪ ಇದನ್ನ ಉಳಿಸಿದ್ರು, ನಾನು ತೂಗುಹಾಕಿದೆ, ಆಯ್ತು” ಎಂದರು. ಮನೆಯಲ್ಲಿ ಹಾಕಿಕೊಳ್ಳಿ, ಚೆನ್ನಾಗಿ ಕಾಣುತ್ತದೆ ಎಂದೆ. ಆಗ ಅವರು ನನ್ನನ್ನು ನೋಡಿ, “ನಮ್ಮನೇಲಿ ಕಾಯೋರು ಯಾರಿದ್ದಾರೆ ಸಾರ್?” ಎಂದರು.

ಸಭಿಕರೇ, ನಾನು ರಾತ್ರಿ ಬರೆದುಕೊಂಡು ಬಂದ ಭಾಷಣದಲ್ಲಿ ಈ ಮಾತು ಇರಲಿಲ್ಲ. ಅದರಲ್ಲಿ ಸೇವೆ, ತ್ಯಾಗ, ನಿಷ್ಠೆ ಎಲ್ಲವೂ ಇದ್ದವು. ಅದು ಜೇಬಿನಲ್ಲೇ ಉಳಿಯಿತು. ಅದೇ ಜೇಬಿನಲ್ಲಿ ಇದೂ ಇದೆ, ನೋಡಿ. ಸ್ಕೇಲು. ಅಮ್ಮನ ಆಪರೇಷನ್ನಿನ ದಿನದ್ದೇ. ತುದಿ ಸ್ವಲ್ಪ ಮುರಿದಿದೆ. ಯಾಕೆ ಇಟ್ಟುಕೊಂಡು ಓಡಾಡುತ್ತೇನೆ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಅಂಗಡಿಯಲ್ಲಿ ಅಳತೆಗೆ ಬೇಕಾಗುತ್ತದೆ ಎನ್ನುತ್ತೇನೆ. ಎಷ್ಟೋ ಸಲ ಒಬ್ಬನೇ ಇದ್ದಾಗ ಕಂಪ್ಯೂಟರಿನ ಮುಂದೆ ಹಿಡಿದು ನೋಡಿದ್ದೇನೆ. ಬರೀ ಸ್ಕೇಲು ಕಾಣುತ್ತದೆ. ಅಣ್ಣನ ಹತ್ತಿರ ಇರುವಂಥ ಕನ್ನಡಕ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ, ನಾನು ತರಲಿಲ್ಲ.

ಈಗ ನನ್ನ ಎರಡನೆಯ ಕೆಲಸ. ಸಿಸ್ಟರ್, ನೀವು ಎದ್ದು ಬರಬೇಡಿ, ಅಲ್ಲೇ ಕೂತಿರಿ. ಈ ಪೆಟ್ಟಿಗೆಯನ್ನು ನಾನು ನಿಮಗೆ ಕೊಡುವುದಿಲ್ಲ. ಸಮಿತಿ ನನ್ನನ್ನು ತೆಗೆದುಹಾಕಲಿ. ನಾಳೆ ಹೊಸ ಹಾಲ್‌ನಲ್ಲಿ ಯಾರದೋ ಇಬ್ಬರು ಮಕ್ಕಳು ಬೆಂಚಿನ ಎರಡು ತುದಿಯಲ್ಲಿ ಕೂರುತ್ತಾರೆ. ಟೀವಿಯಲ್ಲಿ ಟೋಕನ್ ನಂಬರು ನೋಡುತ್ತಾರೆ, ನಂಬರು ಬಂದಾಗ ಎದ್ದು ಹೋಗುತ್ತಾರೆ. ಒಬ್ಬರನ್ನೊಬ್ಬರು ಏನೂ ಕೇಳಬೇಕಾಗಿ ಬರುವುದಿಲ್ಲ. ಅದು ನನಗೆ ಬೇಡ. ಅಧ್ಯಕ್ಷರು ಇಲ್ಲೇ ಇದ್ದಾರೆ, ಸದಸ್ಯರು ಮುಂದಿನ ಸಾಲಿನಲ್ಲಿದ್ದಾರೆ, ಟೀ ಇನ್ನೂ ಬಂದಿಲ್ಲ. ನಿರ್ಣಯ ಬದಲಾಯಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಒಂದು ಗೋಡೆಯನ್ನಾದರೂ ಬಿಡಿ, ಅಣ್ಣ. ಗೋಡೆಗೂ ಚಾವಣಿಗೂ ನಿನ್ನ ಬಿಳಿಯನ್ನೇ ಹೊಡೆಸು, ನಾನು ತುಟಿ ಪಿಟಕ್ ಎನ್ನುವುದಿಲ್ಲ.

ಮತ್ತೊಂದು ಚೀಟಿ ಬರುತ್ತಿದೆ. ನನ್ನ ಸಮಯ ಮುಗಿಯಿತು ಎಂದೇ ಇರಬೇಕು.

ಒಂದು ನಿಮಿಷ. ಓದುವ ಕನ್ನಡಕ ಸರಿ ಮಾಡಿಕೊಳ್ಳುತ್ತೇನೆ.

ಇದನ್ನು ಓದಿಬಿಡುತ್ತೇನೆ, ಸಭೆಯ ದಾಖಲೆಗೆ ಇರಲಿ. ‘ಪೆಟ್ಟಿಗೆ ಬಿಚ್ಚು. ಬೆಂಚಿನ ಎದುರಿನ ಗೋಡೆಗೆ ಟೀವಿ ಬೇಡ. ಮೊಳೆ ನೀನೇ ಹೊಡಿ, ನಾನು ಕೆಳಗೆ ನಿಂತು ಮಟ್ಟ ನೋಡುತ್ತೇನೆ. ಕೂಲಿಂಗ್ ಗ್ಲಾಸ್ ಗಲ್ಲಾ ಪೆಟ್ಟಿಗೆಯಲ್ಲಿದೆ, ಭಾನುವಾರ ಬಾ. ಅದು ಬದನೆ ಬಣ್ಣ ಕಣೋ.’

ಸಿಸ್ಟರ್, ನಿಮ್ಮನ್ನು ಬರಿಗೈಯಲ್ಲಿ ಕಳಿಸುತ್ತಿದ್ದೇವೆ. ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಮುಖ ನೋಡಿದರೆ ಮಾಡಿಕೊಂಡ ಹಾಗೆ ಕಾಣುವುದಿಲ್ಲ. ಆಗಾಗ ಬಂದು ಹೊಸ ಹಾಲ್‌ನ ಬೆಂಚಿನ ಮೇಲೆ ಕೂರಿ, ಯಾರಿಗೂ ಕಾಯದೆ. ಅಮ್ಮನ ಕಣ್ಣು ಉಳಿಸಿದ ಹಿರಿಯ ವೈದ್ಯರಿಗೆ, ಔಷಧಿ ಬಿಟ್ಟ ಕಣ್ಣಲ್ಲೂ ಕೂತು ಕೇಳಿದ ನಿಮ್ಮೆಲ್ಲರಿಗೆ, ಇಷ್ಟು ಹೊತ್ತು ಮೈಕು ಆರಿಸದೆ ಬಿಟ್ಟ ಅಧ್ಯಕ್ಷರಿಗೆ ನನ್ನ ಕೃತಜ್ಞತೆ. ಚೀಟಿಯ ಈ ಹೊಸ ನಿರ್ಣಯಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ, ಒಂದು ತಿದ್ದುಪಡಿಯ ಹೊರತು.

ಅದು ನೇರಳೆಯೇ, ಅಣ್ಣ.

ಎಲ್ಲರಿಗೂ ನಮಸ್ಕಾರ.